ಕಾಫಿ ಸೋಸುವಷ್ಟರಲ್ಲಿ

ನಮ್ಮಜ್ಜಿ ಹಳ್ಳದ ವೇಳೆಯನ್ನು ಕಾಫಿಯಲ್ಲಿ ಅಳೆಯುತ್ತಿದ್ದಳು.
ಮೇಲೆ, ಗುಡ್ಡದ ನೆತ್ತಿಯಲ್ಲಿ ಮಳೆ ಬಿತ್ತೆಂದರೆ
ಒಲೆ ಹಚ್ಚು, ನೀರು ಕಾಯಿಸು, ಬಟ್ಟೆಯ ಚೀಲದಲ್ಲಿ ಸೋಸು,
ಕುಡಿ, ಲೋಟ ತೊಳೆ, ಹಗ್ಗದ ಮೇಲಿನ ಅಂಗಿಗಳನ್ನು ಒಳಗೆ ತಾ,
ಬೇಕಿದ್ದರೆ ಪಕ್ಕದ ಮನೆಯವಳ ಜೊತೆ ಒಂದು ಸಣ್ಣ ಜಗಳವಾಡು,
ಆಮೇಲೆ ಹೋಗಿ ನಿಂತರೂ ಸಾಕು ದಂಡೆಯಲ್ಲಿ.
ಸಾಪಿನ್ಯೊ ಆಗಷ್ಟೇ ಕೆಂಪಾಗುತ್ತ,
ಎಲೆ, ಕಡ್ಡಿ, ಯಾರದೋ ಒಂಟಿ ಚಪ್ಪಲಿ ಹೊತ್ತು
ಅವಸರವಿಲ್ಲದ ನೆಂಟನ ಹಾಗೆ ಬರುತ್ತಿತ್ತು.

ಸಾಪಿನ್ಯೊ ಅಂದರೆ ಮರಿಗಪ್ಪೆ. ಅಷ್ಟೇ ಹಳ್ಳ ಅದು,
ಬೆಲೊ ಒರಿಜೊಂತೆಯ ನಕಾಶೆಯಲ್ಲಿ ಒಂದು ಕೂದಲೆಳೆ.
ಓಡಿ ಬಂದು ಹಾರಿದರೆ ಆಚೆ ದಂಡೆ;
ಹಾರಲಾಗದವರಿಗೆ ಒದ್ದೆ ಚಡ್ಡಿ, ಮನೆಯಲ್ಲಿ ಪೆಟ್ಟು.

ಅದಕ್ಕೆ ಮುಚ್ಚಳ ಹಾಕಿದವರಲ್ಲಿ ನಾನೂ ಒಬ್ಬ.
ಎಪ್ಪತ್ತೆಂಟರಲ್ಲಿ. ನಗರಸಭೆಯ ಕೂಲಿ, ಹೊಸ ಬೂಟು.
ಎರಡೂವರೆ ಮೀಟರಿನ ಪೆಟ್ಟಿಗೆ, ಮೇಲೆ ಚಪ್ಪಡಿ, ಅದರ ಮೇಲೆ ಟಾರು.
ರಿಬ್ಬನ್ನು ಕತ್ತರಿಸಿದರು. ಬ್ಯಾಂಡು ಬಾರಿಸಿದರು.
ನಾತ ಹೋಯಿತು, ಸೊಳ್ಳೆ ಹೋಯಿತು ಎಂದು
ಜುರಾಸಿ ಕುಣಿದಳು, ಆಗಿನ್ನೂ ನನ್ನ ಹೆಂಡತಿಯಲ್ಲ. ನಾನೂ ಕುಣಿದೆ.
ಸುಳ್ಳು ಯಾಕೆ ಹೇಳಲಿ, ಚೆಂದವಿತ್ತು ರಸ್ತೆ.

ಆಮೇಲೆ ಊರು ಗುಡ್ಡ ಹತ್ತಿತು. ಮನೆ, ಮನೆಯ ಹಿಂದೆ ಮನೆ,
ಔಷಧಿ ಅಂಗಡಿ, ಎದುರಿಗೆ ಇಪ್ಪತ್ತು ಕಾರು ನಿಲ್ಲುವ ಅಂಗಳ,
ಫುಟ್‌ಬಾಲ್ ಮೈದಾನದಷ್ಟಗಲ ಸೂಪರ್‌ಮಾರ್ಕೆಟ್ಟಿನ ತಗಡು.
ಭಾನುವಾರಗಳಲ್ಲಿ ನಾನೇ ಹಿತ್ತಿಲುಗಳಿಗೆ ಸಿಮೆಂಟು ಸುರಿದೆ:
ಕೆಸರು ಬೇಡ, ಕಳೆ ಬೇಡ, ಪೇರಲೆ ಮರ ಉದುರಿಸುವ ಕಸ ಬೇಡ.
ಎಷ್ಟು ಹಿತ್ತಿಲು? ಲೆಕ್ಕ ನಾನಿಟ್ಟಿಲ್ಲ, ಮೊಣಕಾಲು ಇಟ್ಟಿದೆ.

ಕಳೆದ ವಾರ ವಿಶ್ವವಿದ್ಯಾಲಯದ ಹುಡುಗಿ ಬಂದಳು, ತೈನಾರ.
ಗೋಡೆಗಳ ಮೇಲಿನ ಕೆಸರಿನ ಗೆರೆಗೆ ಟೇಪು ಹಿಡಿದಳು.
ಕಾಗದದ ಮೇಲೆ ಎರಡು ಗೆರೆ ಗೀಚಿದಳು ನನಗಾಗಿ:
ಒಂದು ಮಲಗಿದ ದನದ ಬೆನ್ನು, ಇದು ನಿಮ್ಮಜ್ಜಿಯ ಹಳ್ಳ.
ಇನ್ನೊಂದು ನೆಟ್ಟಗೆ ನಿಂತ ಸೂಜಿ, ಇದು ಈಗಿನದು.
ಅದೇ ಗುಡ್ಡ, ಅದೇ ಮಳೆ ಎಂದಿಟ್ಟುಕೊಳ್ಳಿ, ಅಂದಳು.
ಮೊದಲು ಬಹುಪಾಲು ಇಂಗುತ್ತಿತ್ತು,
ಉಳಿದದ್ದು ಹುಲ್ಲಿಗೆ ತೊಡರಿ, ಗುಂಡಿಯಲ್ಲಿ ಕೂತು, ತಡವಾಗಿ ಇಳಿಯುತ್ತಿತ್ತು.
ಈಗ ಎಲ್ಲವೂ ಒಟ್ಟಿಗೇ ಹೊರಡುತ್ತದೆ,
ಗಂಟೆ ಹೊಡೆದ ಶಾಲೆಯ ಮಕ್ಕಳ ಹಾಗೆ;
ಬಾಗಿಲು ಮಾತ್ರ ಒಂದೇ.

ಬಾಗಿಲು ನಾನು ಕಟ್ಟಿದ್ದು. ಎರಡೂವರೆ ಮೀಟರು.

ಜನವರಿಯ ಆ ಸಂಜೆ ಕಾಫಿಗೆ ನೀರಿಟ್ಟಿದ್ದೆ.
ಮೇಲೆ ಗುಡುಗು. ಪುಡಿಯ ಡಬ್ಬಿ ತೆಗೆದೆ.
ನೀರಿನ್ನೂ ಒಂದು ಗುಳ್ಳೆ ಬಿಟ್ಟಿರಲಿಲ್ಲ,
ರಸ್ತೆಯ ಕಬ್ಬಿಣದ ಮುಚ್ಚಳಗಳು ಹಲ್ಲು ಕಡಿದವು,
ಒಂದು ಎದ್ದು ಹಾರಿತು, ಅದರ ಬೆನ್ನಿಗೇ ಆಳೆತ್ತರ ನೀರು.
ಕೆಳಗಿನ ಮೂಲೆಯಲ್ಲಿ ಹೊಲಿಗೆಯ ದೋನಾ ಇರಸಿಲ್ಡಾ
ಬಾಗಿಲಿಗೆ ಹಲಗೆ ಇಳಿಸುತ್ತಿದ್ದಳು, ಎರಡನೆಯದು, ಮೂರನೆಯದು.
ಬಿಡು, ಯಂತ್ರ ಬಿಡು, ಹತ್ತು! ಕೂಗಿದೆವು ಮೇಲಿನಿಂದ.
ಹತ್ತಿದಳು. ಯಂತ್ರ ಹೋಯಿತು. ಅರ್ಧ ಹೊಲಿದ
ಯಾರದೋ ಮದುವೆಯ ಬಿಳಿ ಉಡುಪು ರಸ್ತೆಯ ನಡುವೆ
ತೋಳು ಚಾಚಿ ತೇಲಿ, ಸಿಗ್ನಲ್ ಕಂಬಕ್ಕೆ ಸುತ್ತಿಕೊಂಡು ನಿಂತಿತು.
ಮನೆಗೆ ಬಂದಾಗ ಪಾತ್ರೆಯ ತಳ ಸೀದಿತ್ತು.

ಅರವತ್ತೆಂಟು ವಯಸ್ಸು. ಹಾರೆ ಎತ್ತುವ ಕೈಯಲ್ಲ ಇದು.
ಆದರೂ ದಿನಕ್ಕೊಂದು ಮೊಳ, ನನ್ನ ಹಿತ್ತಿಲ ಸಿಮೆಂಟು ಒಡೆಯುತ್ತಿದ್ದೇನೆ.
ಜುರಾಸಿ ಅನ್ನುತ್ತಾಳೆ: ಮುದುಕಾ, ಗುಡ್ಡದ ಲೆಕ್ಕದಲ್ಲಿ ಇದು ಸಾಸಿವೆಕಾಳು.
ಹೌದು. ಇರಸಿಲ್ಡಾಳ ಹೊಸ್ತಿಲಲ್ಲಿ ಇದರಿಂದ ಒಂದು ಬೆರಳೂ ಇಳಿಯದು.
ನಿನ್ನೆ ಮಣ್ಣು ಸಿಕ್ಕಿತು. ನಲವತ್ತು ವರ್ಷ ಬಿಸಿಲು ಕಾಣದ,
ಕೆಂಪು ಮಾಸಿದ, ಇಟ್ಟಿಗೆಯಷ್ಟು ಗಟ್ಟಿ ಮಣ್ಣು.
ಒಂದು ಬಕೆಟ್ ನೀರು ಹೊಯ್ದೆ. ನಿಂತೇ ಇತ್ತು.
ಕುಡಿಯುವುದನ್ನೇ ಮರೆತಿದೆಯೇನೋ ಅಂದುಕೊಂಡೆ.
ಒಳಗೆ ಹೋಗಿ ಒಲೆ ಹಚ್ಚಿದೆ, ಕಾಯಿಸಿದೆ, ಸೋಸಿದೆ,
ಕುಡಿದೆ, ಲೋಟ ತೊಳೆದೆ.
ಬಂದು ನೋಡಿದರೆ
ಅಂಚಿನಲ್ಲಿ ಒಂದು ಒದ್ದೆ ಗೆರೆ,
ಅದಕ್ಕಿಂತ ಎರಡು ಬೆರಳು ಕೆಳಗೆ ನೀರು.

ಇನ್ನೊಂದು ಲೋಟಕ್ಕೆ ಇಟ್ಟೆ.